ನಕಲುಗಳ ಪಟ್ಟಿ ಎಲ್ಲಿಡಬೇಕು

ಅತ್ತಿಗೆ, ನಾದಿನಿ ಇಬ್ಬರೂ ಒಂದೇ ಕಿವಿ ಆಸ್ಪತ್ರೆಯ ನೌಕರರು. ಅತ್ತಿಗೆ ಹೊಳೆದಂಡೆಯ ಶಾಖೆಯಲ್ಲಿ, ನಾದಿನಿ ಗುಡ್ಡದ ಮೇಲಿನ ಶಾಖೆಯಲ್ಲಿ ಡೇಟಾಬೇಸ್ ನೋಡಿಕೊಳ್ಳುತ್ತಿದ್ದರು. ಯಾರ ಕಿವಿಗೆ ಯಾವ ಸದ್ದು ಎಷ್ಟು ಜೋರಾಗಿ ಬೇಕು ಎಂಬುದೆಲ್ಲ ಅದರಲ್ಲಿತ್ತು. ಶ್ರವಣಯಂತ್ರ ಕೆಟ್ಟರೆ ಹೊಸದಕ್ಕೆ ಅದನ್ನೇ ತುಂಬಿಕೊಡುತ್ತಿದ್ದರು.

ಡೇಟಾಬೇಸಿನ ಬ್ಯಾಕಪ್, ಅಂದರೆ ಆಯಾ ದಿನದ ಬದಲಾವಣೆಗಳ ನಕಲು, ಪ್ರತಿದಿನ ಊರಾಚೆಯ ಗೋದಾಮಿನ ಡಿಸ್ಕುಗಳಿಗೆ ಹೋಗುತ್ತಿತ್ತು. ಯಾವ ನಕಲು ಯಾವಾಗಿನದು, ಯಾವುದರ ಮೇಲೆ ಯಾವುದನ್ನು ಜೋಡಿಸಬೇಕು ಎಂಬ ಪಟ್ಟಿಯನ್ನು ಮಾತ್ರ ಅತ್ತಿಗೆ ತನ್ನ ಸರ್ವರಿನಲ್ಲೇ ಇಟ್ಟುಕೊಂಡಿದ್ದಳು. ಒಂದು ಸಭೆಯಲ್ಲಿ ನಾದಿನಿ ಎಲ್ಲರೆದುರಿಗೆ ಆ ಮಾತೆತ್ತಿದಳು.

"ಸರ್ವರ್ ಹೋದ್ರೆ ಪಟ್ಟಿನೂ ಹೋಗುತ್ತೆ. ಅದು ಬೇರೆ ಕಡೆ ಇರ್ಬೇಕು ಅತ್ತಿಗೆ."

"ಬೇರೆ ಕಡೆ ಅಂದ್ರೆ? ನಿನ್ನ ಹತ್ರಾನಾ?"

"ಇದ್ರೆ ತಪ್ಪೇನು?"

ಯಾರೋ ಕಿಸಕ್ಕನೆ ನಕ್ಕರು. ಅಂದಿನಿಂದ ಇಬ್ಬರೂ ಮಾತು ಬಿಟ್ಟರು. ಭಾನುವಾರ ಒಟ್ಟಿಗೆ ಊಟಕ್ಕೆ ಕೂತರೂ ಅತ್ತಿಗೆ ಗಂಡನ ಕಡೆ ತಿರುಗಿ, "ಉಪ್ಪು ಬೇಕಾ ಕೇಳಿ ನಿಮ್ಮ ತಂಗೀನ" ಅನ್ನುತ್ತಿದ್ದಳು.

ಒಂದು ಬೆಳಿಗ್ಗೆ ಹೊಳೆದಂಡೆಯ ಶಾಖೆಯಲ್ಲಿ ಮೇಲ್ಮಹಡಿಯ ಪೈಪು ಒಡೆದು ನೀರೆಲ್ಲ ಸರ್ವರ್ ಕೋಣೆಗೆ ಸುರಿದಿತ್ತು. ಯಂತ್ರ ಸತ್ತಿತ್ತು. ಗೋದಾಮಿನಿಂದ ಡಿಸ್ಕುಗಳು ಸುರಕ್ಷಿತವಾಗಿಯೇ ಬಂದವು. ತೆರೆದರೆ ತಲೆಬುಡವಿಲ್ಲದ ಹೆಸರಿನ ಫೈಲುಗಳ ರಾಶಿ. ಅತ್ತಿಗೆ ತಲೆ ಮೇಲೆ ಕೈಹೊತ್ತು ಕೂತಳು. ನಿರ್ದೇಶಕರು ನಾದಿನಿಗೆ ಹೇಳಿಕಳಿಸಿದರು.

ನಾದಿನಿ ಬಂದಳು, ಚೀಲವನ್ನು ಕುರ್ಚಿಗೆ ನೇತುಹಾಕಿ ಪಕ್ಕದಲ್ಲಿ ಕೂತಳು. ಒಂದೊಂದೇ ಫೈಲು ತೆರೆದು, ಅದರೊಳಗಿನ ತಾರೀಖು ನೋಡಿ, ಪಟ್ಟಿಯನ್ನು ಹೊಸದಾಗಿ ಕಟ್ಟತೊಡಗಿದರು. ಒಬ್ಬಳು ಓದುವುದು, ಇನ್ನೊಬ್ಬಳು ಹೂಂಗುಟ್ಟುವುದು, ಅಷ್ಟೇ ಮಾತು.

ಮಧ್ಯಾಹ್ನ ಒಬ್ಬ ಬಡಗಿ ಹೊಸ ಶ್ರವಣಯಂತ್ರ ಹಿಡಿದು ಬಂದ. "ನನ್ನ ಗರಗಸ ನನಗೇ ಕೇಳಿಸ್ತಿಲ್ಲ ಕಣಮ್ಮ!"

ಪಟ್ಟಿ ಸಿಗುವವರೆಗೆ ಕಾಯಬೇಕೆಂದು ಅತ್ತಿಗೆ ಅವನ ಕಿವಿಯ ಹತ್ತಿರ ಕೂಗಿ ಹೇಳಿದಳು.

"ಸಿಗದಿದ್ರೆ ನನ್ನ ಕಿವೀನ ಎಲ್ಲಿ ಹುಡುಕ್ತೀರಿ?"

ಇಬ್ಬರೂ ಮುಂದಿನ ಫೈಲು ತೆರೆದರು.

ಮರುದಿನ ಸಂಜೆಗೆ ಪಟ್ಟಿ ಒಂದು ರೂಪಕ್ಕೆ ಬಂತು. ಆದರೆ ವಾರದ ಹಿಂದಿನ ಒಂದು ಫೈಲು ಕೆಟ್ಟಿತ್ತು, ಅದರಾಚೆಗಿನ ಯಾವುದೂ ಜೋಡಣೆಯಾಗಲಿಲ್ಲ. ಕಳೆದ ವಾರದ ದಾಖಲೆಯೆಲ್ಲ ಹೋಯಿತು. ಬಡಗಿಯದು ಹಳೆಯ ದಾಖಲೆ, ಉಳಿದಿತ್ತು.

"ಹೊಸ ಪಟ್ಟಿ ನಿನ್ನ ಸರ್ವರಿನಲ್ಲಿರ್ಲಿ. ನೀನು ಹೇಳಿದ್ದೇ ಸರಿ," ಎಂದಳು ಅತ್ತಿಗೆ.

ನಾದಿನಿ ತಲೆ ತಗ್ಗಿಸಿದಳು. "ಅತ್ತಿಗೆ, ನನ್ನ ಪಟ್ಟಿನೂ ನನ್ನ ಸರ್ವರಿನಲ್ಲೇ ಇದೆ."

"ಏನಂದೆ?"

"ಹೇಳಿದ್ದು ನಾನೇ. ಮಾಡೋಕೆ ಪುರುಸೊತ್ತಾಗಿರ್ಲಿಲ್ಲ."

"ಮತ್ತೆ ಅಷ್ಟು ಜನರೆದುರು ನನ್ನ ಮಾನ ಯಾಕೆ ತೆಗೆದೆ?"

"ಮಾತಿನ ಭರದಲ್ಲಿ ಬಂತು."

ಅತ್ತಿಗೆಗೆ ಮೈಯೆಲ್ಲ ಉರಿದುಹೋಯಿತು. ಬೈಯಲು ಬಾಯಿ ತೆರೆದವಳಿಗೆ ಅದೇಕೋ ನಗು ಬಂದುಬಿಟ್ಟಿತು. ಮನೆಗೆ ಹೊರಡುವ ಮೊದಲು ಅವಳ ಪಟ್ಟಿ ಗುಡ್ಡದ ಸರ್ವರಿಗೆ ಹೋಯಿತು. ನಾದಿನಿಯ ಪಟ್ಟಿ ಹೊಳೆದಂಡೆಗೆ ತಂದ ಹೊಸ ಯಂತ್ರಕ್ಕೆ ಬಂತು.

ಇನ್ನು ರಸೀದಿ ಪುಸ್ತಕ ನೋಡಿ, ಕಳೆದ ವಾರ ಬಂದಿದ್ದವರನ್ನು ಮತ್ತೆ ಪರೀಕ್ಷೆಗೆ ಕರೆಯಬೇಕಿತ್ತು. ಫೋನು ಮಾಡಿದರೆ ಅರ್ಧ ಜನಕ್ಕೆ ಕೇಳಿಸಲೇ ಇಲ್ಲ. ಕೊನೆಗೆ ಇಬ್ಬರೂ ಮನೆಮನೆಗೆ ಹೊರಟರು. ಬಾಗಿಲು ಬಡಿಯುವ ಕೆಲಸ ನಾದಿನಿಯದು, ತಪ್ಪೊಪ್ಪಿಕೊಂಡು ವಿವರಿಸುವ ಕೆಲಸ ಅತ್ತಿಗೆಯದು. ಮೊದಲ ಮನೆಯಲ್ಲಿ ನಾದಿನಿ ಕೈ ನೋಯುವಷ್ಟು ಬಡಿಯಬೇಕಾಯಿತು.