ಒಂದೇ ಗೆರೆಯ ಮೇಲೆ ಎರಡು ಚುಕ್ಕೆ

ಒದ್ದೆ ಉಣ್ಣೆಯ ವಾಸನೆ, ಅಪ್ಪನ ಬಣ್ಣದ ಹಂಡೆಯಿಂದ ಏಳುತ್ತಿದ್ದ ಆ ಹುಳಿಹುಳಿ ಹಬೆ, ಎಲ್ಲಿಂದ ಬಂತು ಈಗ, ಗಿರಣಿಯ ಊಟದ ಕೋಣೆಯಲ್ಲಿ, ಹೆಗಲ ಮೇಲಿನ ಒದ್ದೆ ಶಾಲಿನಿಂದಲೇ ಇರಬೇಕು — ಹೇಳು ಮಗಳೇ, ಯಾವ ನೂಲು ಹೆಚ್ಚು ನೀಲಿ, ಅವಳು ಬೆರಳು ತೋರಿಸುತ್ತಾಳೆ, ನೋಡ್ರಪ್ಪ, ಇವಳದು ಕಣ್ಣಲ್ಲ, ತಕ್ಕಡಿ ಅನ್ನುತ್ತಾನೆ ಅಪ್ಪ. ಆ ತಕ್ಕಡಿಯನ್ನೇ ನಂಬಿ ಇಪ್ಪತ್ತಾರು ವರ್ಷ ಇಲ್ಲಿ ಬಣ್ಣ ಹೊಂದಿಸಿದ್ದಾಯಿತು, ಅವಳು ಸರಿ ಅಂದರೆ ಸರಿ, ಈಗ ಊಟ ಮುಗಿಯುತ್ತಲೇ ಸೂಪರ್‌ವೈಸರು ದೀಪದ ಪೆಟ್ಟಿಗೆಯಲ್ಲಿ ಎರಡು ನೂಲಿನ ಲಡಿ ಇಟ್ಟು ಕೇಳುತ್ತಾರೆ, ನೀಲಿ ಯಾವುದಮ್ಮ, ಹೋದ ವಾರ ಹಸಿರನ್ನ ನೀಲಿ ಅಂತ ಪಾಸ್ ಮಾಡಿದ್ರಲ್ಲ. ಊಹಿಸಿ ಹೇಳಬಹುದು, ಎರಡರಲ್ಲೊಂದು, ತಪ್ಪಿದರೆ ನಾಳೆಯಿಂದ ಮನೆ — ಬ್ಯಾಗಿನಲ್ಲಿ ಡಾಕ್ಟರ ಹಾಳೆ, ಪಾಪ, ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಹೇಳಿದರು, ಕಣ್ಣಲ್ಲಿ ಬಣ್ಣ ಹಿಡಿಯೋ ಮೂರು ಥರದ ಶಂಕುಕೋಶ ಇರುತ್ತಮ್ಮ, ಬೆಳಕಿನ ಉದ್ದ ಅಲೆಗೆ, ನಡು ಅಲೆಗೆ, ಗಿಡ್ಡ ಅಲೆಗೆ, ಬೆಳಕು ಎಷ್ಟಾದರೂ ಇರಲಿ, ಯಾವುದರ ಪಾಲು ಎಷ್ಟು ಅಂತ ನೋಡಿದರೆ ಒಂದೊಂದು ಬಣ್ಣಕ್ಕೂ ಹಾಳೆ ಮೇಲೆ ಒಂದೊಂದು ಚುಕ್ಕೆ, ನಿಮ್ಮಲ್ಲಿ ಗಿಡ್ಡ ಅಲೆಯದು ಸುಮ್ಮನಾಗ್ತಿದೆ, ಅದಕ್ಕೇ ಈ ನೆಟ್ಟಗಿನ ಗೆರೆ ಮೇಲಿರೋ ಚುಕ್ಕೆಗಳು, ಮೇಲೆ ನೀಲಿ, ಕೆಳಗೆ ಹಸಿರು, ನಿಮಗೆ ಎಲ್ಲ ಒಂದೇ. ತಿರುಗಿ ಬರಲ್ವಾ ಡಾಕ್ಟ್ರೇ. ಅವರು ಪೆನ್ನಿಗೆ ಮುಚ್ಚಳ ಹಾಕಿದರು. ಮೇಲೊಂದು ಚುಕ್ಕೆ, ಕೆಳಗೊಂದು ಚುಕ್ಕೆ.

ಮನೆಯಲ್ಲಿ ಹೇಳುವುದು ಹೇಗೆ, ಸೊಸೆಯ ಜೊತೆ ಮಾತೇ ನಿಂತಿದೆ, ನಾಲ್ಕು ತಿಂಗಳಿಂದ ಡಬ್ಬಿಯ ಊಟಕ್ಕೆ ಉಪ್ಪೇ ಇಲ್ಲ, ಕೇಳಿದ್ದಕ್ಕೆ ಹಾಕಿದ್ದೀನಿ ಅತ್ತೆ, ನಿಮ್ಮ ನಾಲಿಗೆ ಕೆಟ್ಟಿದೆ ಅಂದಿದ್ದಳು, ಕಣ್ಣು ಹೋಯಿತು, ಇನ್ನು ನಾಲಿಗೆಯೂ ಹೋಯಿತೇ, ಏನು ಉಳಿಯಿತು — ಕೋಣೆ ಖಾಲಿ, ಎಲ್ಲರೂ ಉಂಡು ಎದ್ದಿದ್ದಾರೆ, ಪಕ್ಕದ ಮೇಜಿನ ಸಪ್ಪೆಯಕ್ಕ ಮಾತ್ರ ಕಾದಿದ್ದಾಳೆ, ಬಿಪಿಗೆ ಉಪ್ಪು ಬಿಟ್ಟಾಗಿನಿಂದ ಎಲ್ಲರ ಬಾಯಲ್ಲೂ ಅದೇ ಹೆಸರು, ಬಿಟ್ಟರೂ ಏನು ಬಂತು, ಪಾದ ಚಪ್ಪಲಿ ಹಿಡಿಯದಷ್ಟು ಊದಿದೆ. ಗೂಡಿನಲ್ಲಿ ಒಂದರ ಮೇಲೊಂದು ಎರಡು ಡಬ್ಬಿ, ನೀಲಿ ಮುಚ್ಚಳದ್ದು ತನ್ನದು, ಹಸಿರು ಮುಚ್ಚಳದ್ದು ಅಕ್ಕನದು, ಕೈ ಚಾಚಿ ತೆಗೆದುಕೊಂಡಳು. ಸಪ್ಪೆಯಕ್ಕ ಅದನ್ನು ಮೆಲ್ಲಗೆ ಬಿಡಿಸಿಕೊಂಡಳು. ಇವತ್ತು ನಿಂದು ನೀನೇ ಉಣ್ಣು, ತಂಗಿ. ಇದು ನನ್ನದಲ್ವಾ. ಅಲ್ಲ. ಯಾವತ್ತಿಂದ ಅಕ್ಕಾ. ಆಯ್ತು, ನಾಲ್ಕು ತಿಂಗಳು. ಹೇಳಬಾರದಿತ್ತಾ. ದಿನಾ ಎಲ್ಲರೂ ಇರ್ತಿದ್ರಲ್ಲ, ನಿನ್ನ ಕಣ್ಣಿನ ಮಾತು ಅವರೆದುರು ಹೇಗೆ ಎತ್ಲಿ — ಅಷ್ಟೇ ಅಂದು ಇನ್ನೊಂದು ಡಬ್ಬಿಯನ್ನು ಅವಳ ಅಂಗೈ ಮೇಲಿಟ್ಟಳು, ಭಾರವಾಗಿತ್ತು, ಉಪ್ಪು ಇತ್ತು ಅದರಲ್ಲಿ, ದಿನವೂ ಇತ್ತು, ಅದನ್ನು ಉಂಡದ್ದು ಅಕ್ಕ, ಆ ಊದಿದ ಪಾದ, ಒಂದು ಮುಚ್ಚಳ ಅಕ್ಕನ ಕೈಯಲ್ಲಿ, ಒಂದು ಮುಚ್ಚಳ ತನ್ನ ಕೈಯಲ್ಲಿ, ದುಂಡಗೆ, ಮೇಲೊಂದು, ಕೆಳಗೊಂದು, ಒಂದೇ ಬಣ್ಣ, ಮೇಲೊಂದು, ಕೆಳಗೊಂದು