ಕೂಗಿಗೆ ಬೆದರದ ಹೋರಿ

ದೇವರಿಗೆ ಬಿಟ್ಟ ದನಗಳ ಮಂದೆಯನ್ನು ಆಳುವ ಪಟ್ಟದ ಹೋರಿ ಸತ್ತಿತ್ತು. ಹೊಸದನ್ನು ಆರಿಸಲು ದಿಂಡುಗಲ್ ಸ್ಟೇಷನ್ ಪಕ್ಕದ ಬಯಲಲ್ಲಿ ಕಬ್ಬಿನ ಕಂತೆ ಇಟ್ಟರು. ಮೊದಲು ಬಾಯಿ ಹಾಕಿದ್ದಕ್ಕೇ ಪಟ್ಟ. ಅಷ್ಟರಲ್ಲಿ ರೈಲು ಕೂಗಿತು. ಮಂದೆಯೆಲ್ಲ ದಿಕ್ಕಾಪಾಲಾಗಿ ಓಡಿತು. ಲಕ್ಷ್ಮಣನ್ ಹರಕೆಗೆ ಬಿಟ್ಟ ಹೋರಿಯೊಂದೇ ನಿಧಾನವಾಗಿ ಬಂದು ಕಬ್ಬು ಮೆದ್ದಿತು.

"ದೇವರೇ ಆರಿಸ್ತು!" ಎಂದು ಊರೇ ಅಡ್ಡಬಿತ್ತು.

ಮಂದೆ ಕಾಯುವ ಮುದುಕ ಕೆಂಚಣ್ಣ ಮಾತ್ರ ಬೀಳಲಿಲ್ಲ. ಈ ಲಕ್ಷ್ಮಣನ್ ಕಬ್ಬಿಗೆ ಬೆಲ್ಲ ಸವರಿರಬೇಕು! ಹಾಗೆಂದುಕೊಂಡು ಮುದುಕ ಕಂತೆ ಮೂಸಿದ, ನೆಕ್ಕಿಯೂ ನೋಡಿದ, ಬರೀ ಕಬ್ಬು. ಕೊನೆಗೆ ಹೋರಿಯ ಹಿಂದೆ ನಿಂತು ಜೋರಾಗಿ ಚಪ್ಪಾಳೆ ತಟ್ಟಿದ. ಅದರ ಕಿವಿ ಅಲುಗಲೇ ಇಲ್ಲ.

ಲಕ್ಷ್ಮಣನ್ ಮುಖ ಬಿಳಿಚಿಕೊಂಡಿತು. "ಮಾವ, ಯಾರಿಗೂ ಹೇಳಬ್ಯಾಡಿ."

ದೂರದಲ್ಲಿ ರೈಲು ಮತ್ತೆ ಕೂಗಿತು. ಹಸುಗಳು ಮತ್ತೆ ಚದುರಿದವು.

"ಹೇಳಕ್ಕೇನೈತೆ?" ಎಂದು ಕೆಂಚಣ್ಣ ಅಡ್ಡಬಿದ್ದ. "ಇನ್ನು ಇಲ್ಲಿ ಕಿವುಡನೇ ಆಳಬೇಕು."