ಉಳಿದರ್ಧ ಸಾಲು

ಒಳಕೋಣೆಯಲ್ಲಿ ಕೂತು ಮೊರದಲ್ಲಿನ ಜೋಳದಿಂದ ಕಲ್ಲು ಆರಿಸುತ್ತಿದ್ದ ಮುನೀರಾ, ಅಂಗಳದಲ್ಲಿ ಗಂಡಸಿನ ಕೆಮ್ಮು ಕೇಳಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಹಣೆಯಲ್ಲಿ ಅಂಬಮ್ಮ ಹಚ್ಚಿದ ವಿಭೂತಿ ಇತ್ತು. ಕಮಲಾಪುರದ ಆ ಓಣಿಗೆ ಆಕೆ ನೀಲಮ್ಮ, ಅಂಬಮ್ಮನ ಚಿಕ್ಕವ್ವನ ಮಗಳು.

ಹಿಂದುಸ್ತಾನದ ದಂಡು ಬಂದು ನಿಜಾಮರ ಸರಕಾರ ಬಿದ್ದಿತ್ತು. ನಿಜಾಮರ ಪರ ಬಡಿದಾಡಿದ್ದ ರಜಾಕಾರರ ಮೇಲಿನ ಸೇಡನ್ನು ಕೈಗೆ ಸಿಕ್ಕ ಮುಸಲ್ಮಾನರ ಮೇಲೆ ತೀರಿಸಿಕೊಳ್ಳುವವರು ಊರೂರು ಸುತ್ತುತ್ತಿದ್ದರು. ಕಲಬುರಗಿಯ ಕೋಟೆಯ ಕಡೆ ಹೋದ ಮುನೀರಾಳ ಗಂಡ ಮಂಜೂರ್ ತಿರುಗಿ ಬರಲಿಲ್ಲ. ಬಾಲ್ಯದ ಗೆಳತಿ ಅಂಬಮ್ಮನೇ ಗಾಡಿ ಕಳಿಸಿ ಅವಳನ್ನು ಕರೆಸಿಕೊಂಡಿದ್ದಳು.

ಕಲಬುರಗಿಯ ಮೋಮಿನಪುರದಲ್ಲಿ ಮುನೀರಾಳ ಅಜ್ಜಿ ಮಸ್ತಾನಬಿ ಇಬ್ಬರಿಗೂ ಫಾರಸಿ ಶೇರುಗಳನ್ನು, ಆ ಎರಡೆರಡು ಸಾಲಿನ ಪದ್ಯಗಳನ್ನು, ಕಲಿಸಿದ್ದಳು. ಆ ಮನೆಯಲ್ಲಿ ಬೈಗುಳ, ಸಮಾಧಾನ ಎಲ್ಲವೂ ಹಳೆಯ ಕವಿಗಳ ಮಾತಿನಲ್ಲೇ. ಸಾರಿಗೆ ಉಪ್ಪು ಹೆಚ್ಚಾದರೂ ಒಂದು ಸಾಲು, ಸಾವಾದರೂ ಒಂದು ಸಾಲು. ಒಬ್ಬರು ಅರ್ಧ ಹೇಳಿದರೆ ಎದುರಿನವರು ಉಳಿದರ್ಧ ಹೇಳಲೇಬೇಕು, ಸುಮ್ಮನಿದ್ದರೆ ಮರ್ಯಾದೆಗೇಡು.

ಬಂದವನು ಅಂಬಮ್ಮನ ಮೈದುನ ಜಗದೇವಪ್ಪ, ಉರ್ದು ಶಾಲೆಯಲ್ಲಿ ಓದಿದವನು. ಅವನ ಜೊತೆಗಾರರು ಬಡಿಗೆ ಹಿಡಿದು ಓಣಿಯ ತುದಿಯಲ್ಲಿ ನಿಂತಿದ್ದರು. ಚಹಾ ಕುಡಿದ, ಮಳೆ ಬೆಳೆ ವಿಚಾರಿಸಿದ. ಆಮೇಲೆ ಒಳಕೋಣೆಯ ಬಾಗಿಲು ನೋಡುತ್ತ, ಗುನುಗುವವನಂತೆ, ಹೊರಟುಹೋದ ಪಯಣಿಗರ ಕಾರವಾನಿನ ಕುರಿತ ಅರ್ಧ ಸಾಲೊಂದನ್ನು ಹೇಳಿ ನಿಲ್ಲಿಸಿದ.

ಮುನೀರಾಳ ತುಟಿ ತೆರೆದಿತ್ತು. ಅಷ್ಟರಲ್ಲಿ ಅಂಬಮ್ಮ ಒಲೆಯ ಮುಂದಿನಿಂದಲೇ ಉಳಿದರ್ಧವನ್ನು ಗಟ್ಟಿಯಾಗಿ ಹೇಳಿದಳು.

"ಅತ್ತಿಗಿ, ನಿಮಗೂ ಬರ್ತದೇನ್ರಿ?"

"ಮೋಮಿನಪುರದ ಬಾಜೂಕ ಬೆಳದಾಕಿಗಿ ಬರದ ಏನು? ನಿಮಗೂ ಬರ್ತದಲ್ಲ, ನೀವೇನ್ ಸಾಬರಾದ್ರೇನು?"

ಜಗದೇವಪ್ಪ ನಕ್ಕ. "ನಾಳಿ ಇನ್ನೊಂದು ತರ್ತೇನ್ರಿ. ನಿಮ್ಮ ನೀಲಮ್ಮಗ ಕೇಳೂಣು. ಬಂದಾಗಿಂದ ಆಕಿ ದನಿನೇ ಯಾರೂ ಕೇಳಿಲ್ಲಂತ."

ಅವನು ಹೋದ ಮೇಲೆ ಅಂಬಮ್ಮ ಒಳಬಂದು ಗೋಡೆಗೊರಗಿ ಕುಳಿತಳು. "ನಿನ್ನ ತುಟಿ ನೋಡೀನಿ ಮುನೀ. ನಾಳಿ ನನ್ನ ಬಾಯಿ ಅಡ್ಡ ಬರಂಗಿಲ್ಲ. ಏನ್ ಮಾಡ್ತಿ?"

ಉತ್ತರವಾಗಿ ಮುನೀರಾಳ ನಾಲಿಗೆಗೆ ಬಂದದ್ದೂ ಒಂದು ಶೇರಿನ ಸಾಲೇ. ತನ್ನ ಬಾಯಲ್ಲಿ ಬೇರೆ ಮಾತೇ ಉಳಿದಿಲ್ಲವೆಂದು ಆಗ ಅವಳಿಗೆ ತಿಳಿಯಿತು. ಹಲ್ಲು ಕಚ್ಚಿ ನುಂಗಿದಳು.

ಅಂಬಮ್ಮ ಮತ್ತೊಮ್ಮೆ ಕೇಳಿದಳು. ಮುನೀರಾ ಬರೀ ಅವಳ ಮುಖ ನೋಡಿದಳು. ಮೂಕಿಯನ್ನು ಉಳಿದರ್ಧ ಯಾರೂ ಕೇಳರು. ನೀಲಮ್ಮ ಹುಟ್ಟುಮೂಕಿ ಎಂದು ಓಣಿ ನಂಬಬೇಕಾದರೆ ಈ ಮನೆಯ ಕಿವಿಗೂ ಇನ್ನು ಅವಳ ದನಿ ಬೀಳಬಾರದು. ಹಾಗೆಂದು ಅಂಬಮ್ಮನಿಗೆ ಹೇಳಲೂ ಬಾಯಿ ತೆರೆಯಬೇಕಾಗುತ್ತದೆ. ಅವಳು ತೆರೆಯಲಿಲ್ಲ.